ಸಹಿ ಹಾಕಿಸಿಕೊಂಡರು, ಕಲಿಸಲಿಲ್ಲ

ಕೊರೋನಾ ಜಾಡ್ಯದ ಮೊದಲ ಲಾಕ್‌ಡೌನ್ ಸಡಿಲಗೊಂಡ ದಿನಗಳ ಮಾತು. 2020ನೆಯ ಇಸವಿಯ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗಿರಣಿಯೊಂದರ ಬಾಗಿಲು ತೆರೆಯಿತು. ಒಂದೂವರೆ ತಿಂಗಳ ಕಾಲ ಕೂಲಿಯಿಲ್ಲದೆ ಕೈಸಾಲದಲ್ಲಿ ದಿನ ದೂಡಿದ್ದ ಕಾರ್ಮಿಕರು ಬೆಳಗಿನ ಪಾಳಿಗೆ ಬಂದಾಗ ಅವರನ್ನು ಗೇಟಿನಲ್ಲಿ ಸಾಲಾಗಿ ನಿಲ್ಲಿಸಿದರು. ಹಣೆಗೆ ಜ್ವರ ನೋಡುವ ಯಂತ್ರ ಹಿಡಿದರು. ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಒಳಕ್ಕೆ ಬಿಟ್ಟರು. ಹಾಳೆ ಇಂಗ್ಲಿಷಿನಲ್ಲಿತ್ತು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಒಂದೇ ಪೆನ್ನನ್ನು ಎಲ್ಲರೂ ಹಿಡಿದರು, ಒಂದೇ ಮಸಿಯ ಪ್ಯಾಡಿಗೆ ಎಲ್ಲರೂ ಬೆರಳಿಟ್ಟರು. ಸೋಂಕು ಕೈಯಿಂದ ಕೈಗೆ ಹರಡುತ್ತದೆ, ಕೈ ತೊಳೆಯಿರಿ ಎಂದು ದೇಶವೆಲ್ಲ ಸಾರುತ್ತಿದ್ದ ಕಾಲ ಅದು! ಹಾಳೆಯಲ್ಲಿ ಏನಿತ್ತೆಂಬುದು ಕಾರ್ಮಿಕರಿಗೆ ತಿಳಿದದ್ದು ಅದರ ಪ್ರತಿಯೊಂದು ನಮ್ಮ ಕಚೇರಿಗೆ ಬಂದು, ಅದನ್ನು ಓದಿ ಹೇಳಿದ ಮೇಲೆ. ಸೋಂಕಿನ ಮುನ್ನೆಚ್ಚರಿಕೆಗಳ ಬಗೆಗೆ ನನಗೆ ತರಬೇತಿ ಕೊಡಲಾಗಿದೆ, ನಾನು ಅದನ್ನು ಅರಿತಿದ್ದೇನೆ, ತಪ್ಪಿ ನಡೆದರೆ ನಾನೇ ಹೊಣೆ ಎಂಬುದು ಅದರ ಸಾರಾಂಶವಾಗಿತ್ತು.

ತರಬೇತಿ ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಯಾರು ನಡೆಸಿದರು ಎಂದು ಕೇಳಿದರೆ ಉತ್ತರವಿಲ್ಲ. ಸಹಿ ಮಾತ್ರ ಕಡತದಲ್ಲಿ ಭದ್ರವಾಗಿದೆ.

ಐದಾರು ವರ್ಷದ ಹಿಂದಿನ ಈ ಹಳೆಯ ಕತೆಯನ್ನು ಈಗ ಏಕೆ ಕೆದಕುತ್ತೀರಿ ಎಂದು ವಾಚಕರು ಕೇಳಬಹುದು. ಕಾರಣವಿದೆ. 1948ರ ಕಾರ್ಖಾನೆ ಕಾಯಿದೆ ಈಗ ಇಲ್ಲ. ಅದರ ಜಾಗದಲ್ಲಿ 2020ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಮುಂದೊಂದು ಜಾಡ್ಯ ಬಂದಾಗ ಗಿರಣಿಯ ಗೇಟಿನಲ್ಲಿ ಕಾರ್ಮಿಕನಿಗೆ ಕಲಿಸುತ್ತಾರೆಯೋ, ಮತ್ತೆ ಸಹಿ ಹಾಕಿಸಿಕೊಂಡು ಒಳಕ್ಕೆ ಅಟ್ಟುತ್ತಾರೆಯೋ ಎಂಬುದು ಈ ಸಂಹಿತೆಯನ್ನೂ ಅದರ ಕೆಳಗಿನ ನಿಯಮಗಳನ್ನೂ ಅವಲಂಬಿಸಿದೆ. ಜಾಡ್ಯ ಬಂದ ಮೇಲೆ ನಿಯಮ ಬರೆಯಲು ಕೂತರೆ ಏನಾಗುತ್ತದೆಂಬುದನ್ನು ನಾವು 2020ರಲ್ಲಿ ನೋಡಿಯಾಗಿದೆ.

ಆಗ ಸರಕಾರ ಏನೂ ಹೇಳಲಿಲ್ಲವೆಂದು ನಾವು ಹೇಳುವುದಿಲ್ಲ. 2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಮಂತ್ರಾಲಯ ಹೊರಡಿಸಿದ ಆಜ್ಞೆಯಲ್ಲಿ ಕಾರ್ಖಾನೆಗಳಿಗೆ ಸಾಕಷ್ಟು ಕಟ್ಟಳೆಗಳಿದ್ದವು. ಪಾಳಿ ಪಾಳಿಯ ನಡುವೆ ಒಂದು ಗಂಟೆ ಅಂತರವಿರಬೇಕು, ಊಟದ ಬಿಡುವು ಒಮ್ಮೆಲೇ ಆಗಕೂಡದು, ಆರು ಅಡಿ ದೂರ ಕೂರಬೇಕು, ಹೊರಗಿನಿಂದ ಬರುವವರಿಗೆ ವಾಹನದ ವ್ಯವಸ್ಥೆ ಮಾಡಿ ಅದರಲ್ಲಿ ಶೇಕಡ 30-40ರಷ್ಟು ಮಾತ್ರ ಜನ ತುಂಬಬೇಕು, ಕಾರ್ಮಿಕರಿಗೆ ವೈದ್ಯಕೀಯ ವಿಮೆ ಕಡ್ಡಾಯವಾಗಿರಬೇಕು, ಗುಟ್ಕಾ ಉಗುಳಕೂಡದು ಎಂದೆಲ್ಲ ಅದರಲ್ಲಿತ್ತು. ತರಬೇತಿಯ ಮಾತೂ ಇತ್ತು. ಆದರೆ ಉತ್ಪಾದನಾ ಘಟಕಗಳ ಪಾಲಿಗೆ ಅದು ಒಂದೇ ಒಂದು ಸಾಲು. ಶುಚಿತ್ವದ ಒಳ್ಳೆಯ ರೂಢಿಗಳ ಬಗ್ಗೆ ತೀವ್ರವಾದ ಪ್ರಚಾರ ಮತ್ತು ತರಬೇತಿ ನಡೆಯತಕ್ಕದ್ದು ಎಂದು ಹೇಳಿ ಆಜ್ಞೆ ಮುಂದಕ್ಕೆ ಹೋಯಿತು. ಆ ತರಬೇತಿ ಎಷ್ಟು ಹೊತ್ತಿನದು, ಯಾವ ಭಾಷೆಯದು, ಕಲಿಯುವ ಹೊತ್ತಿಗೆ ಕೂಲಿಯುಂಟೋ ಇಲ್ಲವೋ, ಗುತ್ತಿಗೆಯವನಿಗೆ ಯಾರು ಕಲಿಸಬೇಕು ಎಂಬ ಒಂದು ಪ್ರಶ್ನೆಗೂ ಆ ಸಾಲಿನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಕಟ್ಟಳೆಯನ್ನು ಸಹಿಯ ಹಾಳೆಯಿಂದ ಪೂರೈಸುವುದು ಬಹಳ ಸುಲಭ.

ಗಿರಣಿಯಲ್ಲಿ ದುಡಿಯುವ ಬಂಧುಗಳಿಗೆ ತರಬೇತಿ ಎಂದರೇನೆಂದು ವಿವರಿಸಬೇಕಾದ್ದಿಲ್ಲ. ಹೊಸಬನೊಬ್ಬ ರಿಂಗ್ ಫ್ರೇಮಿನ ಮುಂದೆ ನಿಂತು ಕಡಿದ ಎಳೆ ಜೋಡಿಸಲು ಕಲಿಯುವುದು ಗೋಡೆಗೆ ಅಂಟಿಸಿದ ಚಿತ್ರ ನೋಡಿ ಅಲ್ಲ. ಹಳಬನೊಬ್ಬ ಪಕ್ಕದಲ್ಲಿ ನಿಂತು, ಕೈ ಹಿಡಿದು, ಬೈದು, ಮತ್ತೆ ಮಾಡಿಸಿ ಕಲಿಸುತ್ತಾನೆ. ನೂಲು ತಪ್ಪಿದರೆ ಮಾಲಿಕನಿಗೆ ನಷ್ಟವಾದ್ದರಿಂದ ಆ ಕಲಿಕೆಗೆ ಹೊತ್ತೂ ಉಂಟು, ಜನವೂ ಉಂಟು. ಉಸಿರು ತಪ್ಪಿದರೆ ನಷ್ಟ ಯಾರದು?

ನೂಲಿನ ಗಿರಣಿಯ ಒಳಗನ್ನು ಬಲ್ಲವರು ಆ ಸರಕಾರಿ ಆಜ್ಞೆಯನ್ನು ಓದಿದರೆ ನಗು ಬರುತ್ತದೆ. ಗಾಳಿಯಾಡುವ ಹಾಗೆ ಕಿಟಕಿ ತೆರೆಯಿರಿ ಎಂದು ಮನೆಮನೆಗೆ ಹೇಳಿದರು. ನೂಲು ಒಣಗಿ ಕಡಿಯಬಾರದೆಂದು ಗಿರಣಿಯ ಶೆಡ್ಡಿನಲ್ಲಿ ತೇವ ಹಿಡಿದಿಡುತ್ತಾರೆ. ಕಿಟಕಿ ತೆರೆದರೆ ತೇವ ಹೋಗುತ್ತದೆ, ಆದ್ದರಿಂದ ಕಿಟಕಿ ಮುಚ್ಚಿಯೇ ಇರುತ್ತದೆ. ಆರು ಅಡಿ ದೂರ ನಿಂತು ಮಾತನಾಡಿ ಎಂದರು. ಯಂತ್ರಗಳ ಗದ್ದಲದಲ್ಲಿ ಆರು ಅಡಿ ದೂರದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಜಾಬರ್ ಬಂದು ಮಾಸ್ಕನ್ನು ಗದ್ದಕ್ಕೆ ಇಳಿಸಿ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಮಾಸ್ಕನ್ನು ಎಂಟು ಗಂಟೆಯೂ ಹಾಕಿರಿ ಎಂದರು. ಕಾರ್ಡಿಂಗ್ ಮತ್ತು ಬ್ಲೋ ರೂಮಿನಲ್ಲಿ ಅರ್ಧ ಪಾಳಿ ಕಳೆಯುವುದರೊಳಗೆ ಬಟ್ಟೆಯ ಮಾಸ್ಕು ಹತ್ತಿಯ ನಯವಾದ ಧೂಳಿನಿಂದಲೂ ಬೆವರಿನಿಂದಲೂ ಒದ್ದೆಯಾಗಿ ಮೂಗಿಗೆ ಅಂಟಿಕೊಳ್ಳುತ್ತದೆ. ಅದನ್ನು ಯಾವಾಗ ಬದಲಿಸಬೇಕು, ಬದಲಿಸಲು ಎರಡನೆಯದನ್ನು ಯಾರು ಕೊಡಬೇಕು?

ಇನ್ನೊಂದು ಸಂಗತಿ. ಫ್ರೇಮುಗಳ ನಡುವೆ ಓಡಾಡುವ ಕಾರ್ಮಿಕನಿಗೆ ಕೆಲಸದ ಜಾಗದಲ್ಲಿ ಪಕ್ಕದವನು ಅಷ್ಟೇನೂ ಹತ್ತಿರವಿರುವುದಿಲ್ಲ. ಅಪಾಯವಿದ್ದದ್ದು ಹಾಜರಿ ಹಾಕುವ ಯಂತ್ರದ ಮುಂದಿನ ನೂಕುನುಗ್ಗಲಿನಲ್ಲಿ, ಚಹಾ ಕುಡಿಯುವ ಕ್ಯಾಂಟೀನಿನಲ್ಲಿ, ನೀರಿನ ನಲ್ಲಿಯ ಬಳಿ, ಪಾಳಿ ಬಿಟ್ಟಾಗ ಹಳ್ಳಿಗಳಿಗೆ ಹೋಗುವ ಕಿಕ್ಕಿರಿದ ಟೆಂಪೋದಲ್ಲಿ. ಇದನ್ನೆಲ್ಲ ಬಲ್ಲವರು ಕಾರ್ಮಿಕರೇ. ಅವರೊಂದಿಗೆ ಅರ್ಧ ಗಂಟೆ ಕೂತು ಮಾತಾಡಿದ್ದರೆ ಯಾವ ಜಾಗದಲ್ಲಿ ಏನು ಮಾಡಬೇಕೆಂಬುದು ಹೊರಗೆ ಬರುತ್ತಿತ್ತು. ತರಬೇತಿಯೆಂದರೆ ಮೇಲಿನಿಂದ ಕೆಳಕ್ಕೆ ಸುರಿಯುವ ಉಪದೇಶವಲ್ಲ. ಕೆಳಗಿನವನ ಅನುಭವವನ್ನೂ ಅದು ಕೇಳಬೇಕು. ಆಡಳಿತ ವರ್ಗದವರಿಗೆ ಈ ಎರಡನೆಯ ಅರ್ಧವೇ ಒಗ್ಗುವುದಿಲ್ಲ.

ಅದೂ ಅಲ್ಲದೆ, ಒಮ್ಮೆ ಕಲಿಸಿ ಕೈ ತೊಳೆದುಕೊಳ್ಳುವ ವಿಷಯವೂ ಇದಲ್ಲ. ಜಾಡ್ಯ ಹೊಸದು, ವೈದ್ಯರ ತಿಳುವಳಿಕೆಯೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿತ್ತು. 2020ರ ಬೇಸಗೆಯಲ್ಲಿ ಮುಟ್ಟಿದ್ದನ್ನೆಲ್ಲ ತೊಳೆಯುವುದೇ ದೊಡ್ಡ ಉಪಾಯವೆಂದು ನಾವೆಲ್ಲ ನಂಬಿದೆವು, ತರಕಾರಿಯನ್ನೂ ಸೋಪಿನ ನೀರಿನಲ್ಲಿ ಅದ್ದಿದೆವು. 2021ರ ಹೊತ್ತಿಗೆ ಮುಚ್ಚಿದ ಕೋಣೆಯ ಗಾಳಿಯಲ್ಲೇ ಸೋಂಕು ತೇಲಿ ನಿಲ್ಲುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಗೂ ಒಪ್ಪಿಗೆಯಾಯಿತು. ಆದರೆ ಗಿರಣಿಯ ಗೋಡೆಯ ಮೇಲಿನ ಚಿತ್ರ ಬದಲಾಯಿತೇ? ನೆಲಕ್ಕೆ ಔಷಧಿ ಸಿಂಪಡಿಸುವುದು ನಡೆದೇ ಇತ್ತು, ಗಾಳಿಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಸಿಂಪಡಣೆಯ ಫೋಟೋ ಚೆನ್ನಾಗಿ ಬರುತ್ತದೆ, ಗಾಳಿಯದು ಬರುವುದಿಲ್ಲ ಎಂಬುದೂ ಒಂದು ಕಾರಣವಿರಬಹುದು.

ಕಾರ್ಖಾನೆಯಲ್ಲಿ ಸೋಂಕು ಹೊಕ್ಕರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದ ಮೊದಲ ಪಾಠ ನಂಜನಗೂಡಿನದು. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಔಷಧಿ ಕಾರ್ಖಾನೆಯ ಒಬ್ಬ ನೌಕರರಿಗೆ ಕಾಣಿಸಿಕೊಂಡ ಸೋಂಕು ಕೆಲವೇ ವಾರಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ತಗಲಿತು. ಸಾವಿರಕ್ಕೂ ಹೆಚ್ಚು ಜನರನ್ನು ಮನೆಯಲ್ಲೇ ಇರಿಸಿ ನಿಗಾ ನೋಡಬೇಕಾಯಿತು. ಅದೃಷ್ಟವಶಾತ್ ಅವರೆಲ್ಲ ಗುಣಮುಖರಾದರು. ಆದರೆ ಆ ದಿನಗಳಲ್ಲಿ ಊರಿನವರು ಆ ನೌಕರರನ್ನು ನೋಡಿದ ದೃಷ್ಟಿ, ಆಡಿದ ಮಾತು ಮರೆಯುವಂಥದಲ್ಲ. ರೋಗಿಯನ್ನು ಅಪರಾಧಿಯೆಂದು ಕಾಣುವ ಊರಿನಲ್ಲಿ ಯಾವ ಕಾರ್ಮಿಕ ತಾನೇ ನನಗೆ ಜ್ವರ ಎಂದು ಮುಂದೆ ಬಂದಾನು? ಇದನ್ನು ತಿಳಿಹೇಳುವುದೂ ತರಬೇತಿಯ ಒಂದು ಭಾಗವೇ.

ಜ್ವರದ ಮಾತು ಬಂದದ್ದರಿಂದ ಸಂಬಳದ ಮಾತನ್ನೂ ಆಡಲೇಬೇಕು. ಜ್ವರ ಬಂದವರು ಕೆಲಸಕ್ಕೆ ಬರಕೂಡದು ಎಂದು ಎಲ್ಲ ಗೇಟುಗಳಲ್ಲೂ ಬರೆದಿದ್ದರು. ಬಾರದಿದ್ದರೆ ಆ ದಿನದ ಕೂಲಿ ಎಲ್ಲಿಂದ ಬರುತ್ತದೆಂದು ಯಾವ ಗೇಟಿನಲ್ಲೂ ಬರೆದಿರಲಿಲ್ಲ. ಬದಲಿ ಕಾರ್ಮಿಕ, ದಿನಗೂಲಿ ಹಮಾಲಿ, ಮಂಡಕ್ಕಿ ಭಟ್ಟಿಯ ಹೆಣ್ಣುಮಗಳು ಒಂದು ಡೋಲೋ ಮಾತ್ರೆ ನುಂಗಿ ಹಣೆ ತಣ್ಣಗೆ ಮಾಡಿಕೊಂಡು ಗೇಟು ದಾಟಿದರೆ ಅದನ್ನು ಮೂರ್ಖತನವೆಂದು ಕರೆಯುವವರು ಒಂದು ವಾರ ಕೂಲಿಯಿಲ್ಲದೆ ಬದುಕಿ ನೋಡಬೇಕು. ಇ.ಎಸ್.ಐ. ಯೋಜನೆಯಲ್ಲಿ ನೋಂದಾಯಿತರಾದವರಿಗೆ ಕಾಯಿಲೆಯ ಕಾಲದಲ್ಲಿ ಕೂಲಿಯ ಶೇಕಡ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುವ ಸೌಲಭ್ಯ ಆಗಲೂ ಇತ್ತು. 2021ರಲ್ಲಿ ಕೋವಿಡ್‌ನಿಂದ ಸತ್ತ ವಿಮಾದಾರರ ಅವಲಂಬಿತರಿಗೆ ಸರಾಸರಿ ಕೂಲಿಯ ಶೇಕಡ 90ರಷ್ಟು ತಿಂಗಳು ತಿಂಗಳು ಕೊಡುವ ಯೋಜನೆಯೂ ಬಂತು. ತನ್ನ ಸಂಬಳದಿಂದಲೇ ಕಡಿತವಾಗುವ ಈ ವಿಮೆಯಲ್ಲಿ ತನಗೇನು ಹಕ್ಕಿದೆಯೆಂದು ಗೊತ್ತಿಲ್ಲದ ಕಾರ್ಮಿಕರು ನಮ್ಮ ಊರಿನಲ್ಲೇ ಎಷ್ಟಿಲ್ಲ?

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2020ರ ನವೆಂಬರ್ 30ರಂದು ಜಾರಿಗೆ ಬಂದ ತುರ್ತು ನಿಯಮವನ್ನು ನೋಡಿರಿ. ಮಾಲಿಕನು ಸೋಂಕು ತಡೆಯ ಯೋಜನೆಯನ್ನು ಲಿಖಿತವಾಗಿ ಮಾಡತಕ್ಕದ್ದು, ಕಾರ್ಮಿಕರಿಗೆ ತರಬೇತಿ ಕೊಡತಕ್ಕದ್ದು ಎಂದು ಅದು ಹೇಳಿತು. ಸೋಂಕು ಹೇಗೆ ಹರಡುತ್ತದೆ ಎಂಬುದರ ಜತೆಗೆ, ಕಾಯಿಲೆ ಬಿದ್ದರೆ ಕಾನೂನಿನ ಪ್ರಕಾರ ಯಾವ ರಜೆ, ಯಾವ ಪರಿಹಾರ ಸಿಗಬಹುದು ಎಂಬುದನ್ನೂ ಆ ತರಬೇತಿಯಲ್ಲಿ ಹೇಳಲೇಬೇಕೆಂದು ವಿಧಿಸಿತು. ಅಮೆರಿಕವನ್ನು ಹೊಗಳುವ ಚಾಳಿ ಈ ಪತ್ರಿಕೆಗಿಲ್ಲ. ಆ ನಿಯಮವೂ ಶಾಶ್ವತವಾಗಿ ಉಳಿಯಲಿಲ್ಲ. ಬದಲಾಗುತ್ತ ಬಂದು 2025ರ ಫೆಬ್ರವರಿಯಲ್ಲಿ ಬಹುಮಟ್ಟಿಗೆ ಮುಗಿಯಿತು. ಆದರೂ ರಜೆಯ ಕೂಲಿಯ ಮಾತಿಲ್ಲದೆ ಜ್ವರದ ಮಾತಾಡಿದರೆ ಅದು ಪೊಳ್ಳೆಂಬ ಸರಳ ಸತ್ಯ ಬರೆದವರಿಗೆ ಹೊಳೆದಿತ್ತಲ್ಲ, ಅಷ್ಟನ್ನು ಮೆಚ್ಚಬೇಕು.

ಅದೇ ಅಮೆರಿಕದ ಸೌತ್ ಡಕೋಟ ರಾಜ್ಯದ ಸೂ ಫಾಲ್ಸ್ ಪಟ್ಟಣದ ದೊಡ್ಡ ಮಾಂಸದ ಕಾರ್ಖಾನೆಯ ಕತೆ ಬೇರೆ. 2020ರ ವಸಂತದಲ್ಲಿ ಅಲ್ಲಿ 1,294 ಕಾರ್ಮಿಕರಿಗೆ ಸೋಂಕು ತಗಲಿ ನಾಲ್ವರು ಸತ್ತರು. ತನಿಖೆಗೆ ಹೋದ ಸರಕಾರಿ ತಜ್ಞರಿಗೆ ಕಾರ್ಖಾನೆಯಲ್ಲಿ ಸುಮಾರು 40 ಭಾಷೆಗಳನ್ನಾಡುವ ಜನ ಇದ್ದಾರೆಂದು ಆಡಳಿತದವರೇ ಹೇಳಿದರು. ನೇಪಾಳಿ ಆಡುವವರೂ ಅವರಲ್ಲಿದ್ದರು. ಒಂದು ಭಾಷೆಯ ಫಲಕ ಅಲ್ಲಿ ಯಾರನ್ನು ಕಾಪಾಡೀತು? ಆ ಕಾರ್ಖಾನೆಗೆ ಅಲ್ಲಿನ ಸುರಕ್ಷತಾ ಇಲಾಖೆ ಹಾಕಿದ ದಂಡ 13,494 ಡಾಲರು. ನಾಲ್ಕು ಪ್ರಾಣಕ್ಕೆ ಭಾಗಿಸಿ ನೋಡುವ ಮನಸ್ಸು ನಮಗಿಲ್ಲ. ಮರುವರ್ಷ ಆಸ್ಪತ್ರೆ ನೌಕರರಿಗಾಗಿ ಆ ದೇಶ ಮಾಡಿದ ತಾತ್ಕಾಲಿಕ ನಿಯಮದಲ್ಲಿ, ನೌಕರನಿಗೆ ತಿಳಿಯುವ ಭಾಷೆಯಲ್ಲಿ, ಅವನ ಓದಿನ ಮಟ್ಟಕ್ಕೆ ತಕ್ಕಂತೆ ತರಬೇತಿ ಕೊಡಬೇಕು, ಪ್ರಶ್ನೆ ಕೇಳಿದರೆ ವಿಷಯ ಬಲ್ಲವರು ಉತ್ತರ ಹೇಳಬೇಕು ಎಂದು ಸ್ಪಷ್ಟವಾಗಿ ಬರೆದರು. ನಮ್ಮಲ್ಲಿ ಕನ್ನಡದಲ್ಲೇ ಕಲಿಸಲಿಲ್ಲ. ಒರಿಸ್ಸಾದಿಂದ, ಬಿಹಾರದಿಂದ ಬಂದು ಗಿರಣಿಯ ಕೊಠಡಿಗಳಲ್ಲಿ ಹತ್ತು ಹತ್ತು ಮಂದಿ ಮಲಗುವ ಹುಡುಗರಿಗೆ ಒಡಿಯಾದಲ್ಲಿ, ಹಿಂದಿಯಲ್ಲಿ ಹೇಳುವವರು ಯಾರಿದ್ದರು?

ಜಾಡ್ಯದ ಕಾಲದಲ್ಲಿ ಕಾರ್ಮಿಕನನ್ನು ಯಂತ್ರದ ಮುಂದೆ ನಿಲ್ಲಿಸಲು ಮಾಲಿಕರು ಹಣ ಬಿಚ್ಚಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗು ಹೊಕ್ಕು ಜನ ಊರು ಬಿಡತೊಡಗಿದಾಗ ಗಿರಣಿಗಳ ಧಣಿಗಳು 'ಪ್ಲೇಗ್ ಬೋನಸ್' ಎಂದು ಹೆಸರಿಟ್ಟು ಕೆಲವರಿಗೆ ಸಂಬಳದ ಶೇಕಡ 70ರಷ್ಟನ್ನು ಹೆಚ್ಚಾಗಿ ಕೊಟ್ಟರು. ಪ್ಲೇಗು ಇಳಿದದ್ದೇ ತಡ, 1918ರ ಆರಂಭದಲ್ಲಿ ಬೋನಸನ್ನು ಕಿತ್ತುಕೊಳ್ಳಲು ಹೊರಟರು. ಆಗ ವಸ್ತುಗಳ ಬೆಲೆ ಆಕಾಶಕ್ಕೇರಿತ್ತು. ಕಾರ್ಮಿಕರು ಶೇಕಡ 50 ಕೇಳಿದರು, ಗಾಂಧೀಜಿ 35ಕ್ಕೆ ಒಪ್ಪಿಸಿದರು, ಮಾಲಿಕರು 20ಕ್ಕಿಂತ ಮೇಲೆ ಏರಲೊಲ್ಲರು. ಅನಸೂಯಾ ಸಾರಾಭಾಯಿ ಕಾರ್ಮಿಕರ ಕಡೆ, ಅವರ ಸ್ವಂತ ತಮ್ಮ ಅಂಬಾಲಾಲ್ ಮಾಲಿಕರ ಕಡೆ! ಗಾಂಧೀಜಿ ಮೂರು ದಿನ ಉಪವಾಸವಿದ್ದ ಮೇಲೆ ರಾಜಿಯಾಗಿ ವಿಷಯ ಪಂಚಾಯಿತಿಗೆ ಹೋಯಿತು. ಕೊನೆಗೆ ಸಿಕ್ಕಿದ್ದು ಶೇಕಡ 35. ಆ ಮುಷ್ಕರದ ಬೇರಿನಿಂದ ಹುಟ್ಟಿದ್ದೇ 1920ರ ಮಜೂರ್ ಮಹಾಜನ. ಧಣಿಗಳು ಬೋನಸ್ ಕೊಟ್ಟದ್ದು ಕಾರ್ಮಿಕ ಬದುಕಲೆಂದಲ್ಲ, ಓಡಿಹೋಗದಿರಲೆಂದು. 2020ರಲ್ಲಿ ಆ ಬೋನಸ್ಸೂ ಇರಲಿಲ್ಲ, ಓಡಿಹೋಗಲು ರೈಲೂ ಇರಲಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆಸಿದ ಮೇಲೆ ನಮ್ಮ ರಾಜ್ಯ ಸರಕಾರ ವಲಸೆ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿ, ಜನ ಛೀಮಾರಿ ಹಾಕಿದ ಮೇಲೆ ಪುನಃ ಬಿಟ್ಟದ್ದು ವಾಚಕರ ನೆನಪಿನಲ್ಲಿರಬಹುದು.

ಅದೇ ವಾರ, ಮೇ 7ರ ನಸುಕಿನಲ್ಲಿ, ವಿಶಾಖಪಟ್ಟಣದ ಪಾಲಿಮರ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ 12 ಮಂದಿ ಪ್ರಾಣ ಬಿಟ್ಟರು, ನೂರಾರು ಜನ ಅಸ್ವಸ್ಥರಾದರು. ಲಾಕ್‌ಡೌನಿನಲ್ಲಿ ನಿಂತಿದ್ದ ಕಾರ್ಖಾನೆಯನ್ನು ಮತ್ತೆ ಶುರುಮಾಡುವ ಹೊತ್ತು ಅದು. ಅಪಾಯದ ಸೈರನ್ ಒತ್ತಲು ಕಾರ್ಖಾನೆಯಲ್ಲಿ 36 ಕಡೆ ಗುಂಡಿಗಳಿದ್ದವು, ಒಂದನ್ನೂ ಒತ್ತಲಿಲ್ಲ ಎಂದು ಆಂಧ್ರ ಸರಕಾರದ ತನಿಖಾ ಸಮಿತಿ ಹೇಳಿತು. ಸೈರನ್ ಇತ್ತು, ಗುಂಡಿಗಳಿದ್ದವು. ಆ ಗಳಿಗೆಯಲ್ಲಿ ಒತ್ತುವ ಅಭ್ಯಾಸವಿರಲಿಲ್ಲ. ಎರಡು ದಿನಗಳ ಮೇಲೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಚ್ಚೆತ್ತು, ಮೊದಲ ವಾರವನ್ನು ಪರೀಕ್ಷೆಯ ಓಟವೆಂದು ಭಾವಿಸಿರಿ, ಹೆಚ್ಚು ಉತ್ಪಾದನೆಗೆ ಆತುರಪಡಬೇಡಿರಿ, ವಿಚಿತ್ರ ಸದ್ದು, ವಾಸನೆ, ಹೊಗೆ, ಸೋರಿಕೆಗಳನ್ನು ಗುರುತಿಸಲು ಕೆಲಸಗಾರರಿಗೆ ತಿಳಿಸಿಕೊಡಿರಿ ಎಂದು ಸೂಚನೆ ಹೊರಡಿಸಿತು. ಒಳ್ಳೆಯ ಸೂಚನೆ. ಆದರೆ ಆ ಮೊದಲ ವಾರಗಳಲ್ಲಿ ಸರಕಾರಗಳು ಮಾಡಿದ್ದೇನು? ಮೇ 22ರಂದು ಕರ್ನಾಟಕ ಸರಕಾರ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಿಕೊಳ್ಳಲು ಕಾರ್ಖಾನೆಗಳಿಗೆ ಅನುಮತಿಯಿತ್ತಿತು. ಹೈಕೋರ್ಟು ಪ್ರಶ್ನಿಸಿದ ಮೇಲೆ ಜೂನ್ 11ರಂದು ಹಿಂತೆಗೆದುಕೊಂಡಿತು. ಗುಜರಾತ್ ಸರಕಾರದ ಇಂಥದೇ ಆಜ್ಞೆಯನ್ನು 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಜಾಡ್ಯವನ್ನು ಕಾಯಿದೆಯಲ್ಲಿ ಹೇಳಿದ ಸಾರ್ವಜನಿಕ ತುರ್ತು ಪರಿಸ್ಥಿತಿ ಎನ್ನಲಾಗದೆಂದು ತೀರ್ಪಿತ್ತಿತು. ದುಡಿಸಲು ಎರಡು ಗಂಟೆ ಹೆಚ್ಚು ಹುಡುಕಿದವರಿಗೆ ಕಲಿಸಲು ಅರ್ಧ ಗಂಟೆ ಸಿಗಲಿಲ್ಲ.

ಈಗ ಹೊಸ ಸಂಹಿತೆಗೆ ಬರೋಣ. ಅದರ 6ನೆಯ ಸೆಕ್ಷನ್ನಿನಲ್ಲಿ ಕಾರ್ಮಿಕರ ಸುರಕ್ಷತೆಗೆ ಅಗತ್ಯವಾದ ಮಾಹಿತಿ, ಸೂಚನೆ, ತರಬೇತಿ ಕೊಡುವುದನ್ನು ಮಾಲಿಕನ ಕರ್ತವ್ಯಗಳ ಸಾಲಿನಲ್ಲಿ ಸೇರಿಸಿದ್ದಾರೆ. ಸುರಕ್ಷತೆಗಾಗಿ ಮಾಡಿದ ಯಾವುದಕ್ಕೂ ಕಾರ್ಮಿಕನಿಂದ ಹಣ ವಸೂಲು ಮಾಡಕೂಡದೆಂದೂ ಹೇಳಿದ್ದಾರೆ. ಸಂತೋಷ. ಮಾಸ್ಕಿನ ಹಣವನ್ನು ಸಂಬಳದಲ್ಲಿ ಮುರಿದುಕೊಂಡ ಮೇಸ್ತ್ರಿಗಳು ಇದನ್ನು ಓದಿಕೊಳ್ಳಲಿ. ಆದರೆ ಹಳೆಯ ಕಾಯಿದೆಯ 111ಎ ಸೆಕ್ಷನ್ ಏನು ಹೇಳುತ್ತಿತ್ತು? ಭೋಪಾಲದ ದುರಂತದ ನಂತರ 1987ರಲ್ಲಿ ಸೇರಿಸಿದ ಆ ಸೆಕ್ಷನ್ ಕಾರ್ಮಿಕನಿಗೆ ಆರೋಗ್ಯ ಮತ್ತು ಸುರಕ್ಷತೆಯ ಬಗ್ಗೆ ತರಬೇತಿ ಪಡೆಯುವ ಹಕ್ಕನ್ನು ಕೊಟ್ಟಿತ್ತು. ಕಾರ್ಮಿಕನು ಕಾರ್ಖಾನೆಯಲ್ಲೇ ಕಲಿಯಬಹುದು, ಇಲ್ಲವೇ ಮಾಲಿಕನ ಕಡೆಯಿಂದ ತರಬೇತಿ ಕೇಂದ್ರಕ್ಕೆ ಹೋಗಿ ಕಲಿಯಬಹುದು ಎಂದಿತ್ತು. ಹೊಸ ಸಂಹಿತೆಯ 14ನೆಯ ಸೆಕ್ಷನ್ನಿನಲ್ಲಿ ಮಾಹಿತಿ ಕೇಳುವ ಹಕ್ಕಿದೆ, ಕೊರತೆಯ ಬಗ್ಗೆ ದೂರುವ ಹಕ್ಕಿದೆ. ತರಬೇತಿ ಪಡೆಯುವ ಹಕ್ಕೆಂಬ ಮಾತು ಆ ಸೆಕ್ಷನ್ನಿನಲ್ಲಿ ಇಲ್ಲ. ಮಾಲಿಕನ ಕರ್ತವ್ಯವೆಂದರೂ ಕಾರ್ಮಿಕನ ಹಕ್ಕೆಂದರೂ ಒಂದೇ ಅಲ್ಲವೇ ಎನ್ನುವ ವಕೀಲರಿಗೆ ನಮ್ಮ ಉತ್ತರವಿಷ್ಟೆ: ಹಕ್ಕಿದ್ದವನು ಕೇಳಿ ಪಡೆಯುತ್ತಾನೆ, ಕರ್ತವ್ಯವಿದ್ದವನು ಇನ್‌ಸ್ಪೆಕ್ಟರು ಬರುವವರೆಗೆ ಕಾಯುತ್ತಾನೆ.

ಅದಕ್ಕಿಂತಲೂ ನಮ್ಮ ಕಣ್ಣಿಗೆ ಚುಚ್ಚಿದ್ದು 128ನೆಯ ಸೆಕ್ಷನ್. ಸಾಂಕ್ರಾಮಿಕ ಜಾಡ್ಯವೆಂಬ ಮಾತನ್ನು ಸಂಹಿತೆ ಇಲ್ಲಿ ಎತ್ತಿ ಹೇಳುತ್ತದೆ. ಯಾತಕ್ಕೆ? ತುರ್ತು ಪರಿಸ್ಥಿತಿ, ವಿಪತ್ತು ಅಥವಾ ಜಾಡ್ಯದ ಕಾಲದಲ್ಲಿ ಯಾವುದೇ ಕೆಲಸದ ಸ್ಥಳಕ್ಕೆ ಸಂಹಿತೆಯ ಎಲ್ಲ ಅಥವಾ ಕೆಲವು ವಿಧಿಗಳಿಂದ ಒಂದು ವರ್ಷದವರೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರಕಾರಕ್ಕೆ ಕೊಡಲು! ಸುಪ್ರೀಂ ಕೋರ್ಟು ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಹೊಸ ಬಾಗಿಲು ಕೊರೆದಂತಾಯಿತು. ಸುರಕ್ಷತೆಯ ಕಾಯಿದೆ ಕಾರ್ಮಿಕನಿಗೆ ಹೆಚ್ಚಾಗಿ ಬೇಕಾಗುವುದು ಯಾವ ಕಾಲದಲ್ಲೋ ಅದೇ ಕಾಲದಲ್ಲಿ ಅದನ್ನು ಮಡಿಸಿ ಒಳಗಿಡಬಹುದೆಂದು ಅದೇ ಕಾಯಿದೆಯಲ್ಲಿ ಬರೆದಿರುವುದನ್ನು ಏನೆಂದು ಕರೆಯಬೇಕು?

ಸಣ್ಣ ವ್ಯಾಪಾರಿಗಳ ಮಾತನ್ನು ಮರೆಯಲಾಗದು. ಈ ಪತ್ರಿಕೆಯ ವಾಚಕರಲ್ಲಿ ಅರ್ಧದಷ್ಟು ಮಂದಿ ಇಬ್ಬರು ಮೂವರು ಹುಡುಗರನ್ನಿಟ್ಟುಕೊಂಡು ಕಿರಾಣಿ, ಬಟ್ಟೆ, ಕಬ್ಬಿಣದ ಅಂಗಡಿ ನಡೆಸುವವರು. ಮಾಲಿಕರೂ ಅವರೇ, ಗಲ್ಲಾದಲ್ಲಿ ಕೂರುವವರೂ ಅವರೇ, ಮೂಟೆಗೆ ಕೈ ಕೊಡುವವರೂ ಅವರೇ. 2020ರ ಅಕ್ಟೋಬರಿನಲ್ಲಿ ಮಾಸ್ಕಿಲ್ಲದವರಿಗೆ ಪಟ್ಟಣಗಳಲ್ಲಿ 1,000 ರೂಪಾಯಿ ದಂಡವೆಂದು ಸರಕಾರ ಸಾರಿತು, ಕೂಗೆದ್ದಾಗ 250ಕ್ಕೆ ಇಳಿಸಿತು. ದಂಡದ ಪುಸ್ತಕ ಹಿಡಿದು ಪೇಟೆಯ ಬೀದಿಗೆ ಬಂದವರು ಅನೇಕರು. ಗಿರಾಕಿ ಕೆಮ್ಮಿದರೆ ಏನು ಮಾಡಬೇಕು, ಹುಡುಗನಿಗೆ ಸೋಂಕಾದರೆ ಅಂಗಡಿ ಎಷ್ಟು ದಿನ ಮುಚ್ಚಬೇಕು, ಹತ್ತಡಿಯ ಮಳಿಗೆಯಲ್ಲಿ ಗಾಳಿ ಹೇಗೆ ಆಡಿಸಬೇಕು ಎಂದು ಹೇಳಿಕೊಡಲು ಬಂದವರು ನಮಗೆ ತಿಳಿದಂತೆ ಯಾರೂ ಇಲ್ಲ. ಹೊಸ ಸಂಹಿತೆ ಸಾಮಾನ್ಯವಾಗಿ ಹತ್ತು ಮಂದಿಗಿಂತ ಕಡಿಮೆ ಇರುವ ಕಡೆಗೆ ಅನ್ವಯವಾಗದು. ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಇದ್ದಲ್ಲಿ ಹಿಂದೆ 10 ಮಂದಿ ಸಾಕಾಗಿತ್ತು, ಈಗ 20 ಬೇಕು. ಚಿಕ್ಕ ಮಾಲಿಕನ ಮೇಲೆ ದೊಡ್ಡ ಗಿರಣಿಯ ಹೊರೆ ಹೇರಿರೆಂದು ನಾವು ಹೇಳುವುದಿಲ್ಲ. ಅಂಥವರಿಗೆ ಕಲಿಸುವ ಕೆಲಸವನ್ನು ಸರಕಾರವೇ ತನ್ನ ಖರ್ಚಿನಲ್ಲಿ, ಪುರಸಭೆಯ ಆರೋಗ್ಯ ಇಲಾಖೆಯ ಮೂಲಕ, ಸಂತೆಯಿಲ್ಲದ ದಿನ ನೋಡಿ ಮಾಡಬೇಕು. ಕಲಿಸಿದ ಮೇಲೆ ದಂಡ ಹಾಕಲಿ, ಯಾರೂ ಬೇಡವೆನ್ನುವುದಿಲ್ಲ.

ಕಾರ್ಮಿಕರಿಗೆ ಹೇಳಿದರೂ ಕೇಳುವುದಿಲ್ಲ, ಗುಟ್ಕಾ ಉಗುಳುತ್ತಾರೆ, ಮಾಸ್ಕನ್ನು ಗದ್ದಕ್ಕೆ ಕಟ್ಟುತ್ತಾರೆ ಎಂಬುದು ಮಾಲಿಕರ ದೂರು. ಸುಳ್ಳಲ್ಲ. ನಮ್ಮವರಲ್ಲೂ ಅಲಕ್ಷ್ಯವಿತ್ತು. ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ: ಆ ದಿನಗಳಲ್ಲಿ ಸಂಘಗಳೂ ಈ ಪತ್ರಿಕೆಯೂ ಬಾಕಿ ಸಂಬಳ ಕೇಳಿದವು, ರೇಷನ್ ಕೇಳಿದವು, ತರಬೇತಿ ಕೊಡಿ ಎಂದು ಕೇಳಲಿಲ್ಲ. ಹೊಟ್ಟೆಯ ಪ್ರಶ್ನೆ ಮುಂದೆ ನಿಂತಾಗ ಉಸಿರಿನ ಪ್ರಶ್ನೆ ಹಿಂದೆ ಸರಿಯಿತು. ಖರ್ಚು ಹೆಚ್ಚು ಎಂಬ ಇನ್ನೊಂದು ದೂರನ್ನು ಮಾತ್ರ ನಾವು ಒಪ್ಪಲಾರೆವು. ಪಾಳಿಗೆ ಅರ್ಧ ಗಂಟೆಯಂತೆ ವರ್ಷಕ್ಕೆ ನಾಲ್ಕು ಸಲ ಯಂತ್ರ ನಿಲ್ಲಿಸಿದರೆ ಆಗುವುದು ಎರಡು ಗಂಟೆ. ಕರೆಂಟು ಹೋಗಿ ನಿಲ್ಲುವುದು ಅದಕ್ಕಿಂತ ಹೆಚ್ಚು.

ರಾಜ್ಯ ಸರಕಾರ ಸಂಹಿತೆಯ ಕೆಳಗೆ ಬರೆಯುವ ನಿಯಮಗಳಲ್ಲಿ ಜಾಡ್ಯದ ಕಾಲದ ತರಬೇತಿಯ ವಿಷಯವಾಗಿ ಒಂದು ಪ್ರತ್ಯೇಕ ಅಧ್ಯಾಯವೇ ಇರಬೇಕೆಂದು ನಾವು ಒತ್ತಾಯಿಸುತ್ತೇವೆ. ತರಬೇತಿ ಪಾಳಿಯ ಹೊತ್ತಿನಲ್ಲೇ ನಡೆಯಬೇಕು, ಆ ಹೊತ್ತಿಗೆ ಪೂರ್ತಿ ಕೂಲಿ ಸಿಗಬೇಕು. ಕನ್ನಡದಲ್ಲೂ, ವಲಸೆ ಬಂದವರ ಭಾಷೆಯಲ್ಲೂ ನಡೆಯಬೇಕು. ಬದಲಿಯವನೂ ಗುತ್ತಿಗೆಯವನೂ ಮೊದಲ ದಿನವೇ ಅದರಲ್ಲಿ ಕೂರಬೇಕು. ಅವರ ಹೊಣೆಯನ್ನು ಗುತ್ತಿಗೆದಾರನ ತಲೆಗೆ ಕಟ್ಟಿ ಗಿರಣಿ ಜಾರಿಕೊಳ್ಳಕೂಡದು. ರಜೆಯ ಕೂಲಿ, ಇ.ಎಸ್.ಐ. ಹಕ್ಕುಗಳನ್ನು ಹೇಳದ ತರಬೇತಿ ತರಬೇತಿಯೆಂದು ಲೆಕ್ಕಕ್ಕೆ ಬರಕೂಡದು. ಸಹಿಯ ಹಾಳೆ ಕನ್ನಡದಲ್ಲಿರಬೇಕು, ಅದರ ಒಂದು ಪ್ರತಿ ಕಾರ್ಮಿಕನ ಕೈಗೆ ಬರಬೇಕು, ಸುರಕ್ಷತಾ ಸಮಿತಿಯ ಕಾರ್ಮಿಕ ಪ್ರತಿನಿಧಿ ಅದಕ್ಕೆ ಸಾಕ್ಷಿ ಹಾಕಬೇಕು. 128ನೆಯ ಸೆಕ್ಷನ್ನಿನ ವಿನಾಯಿತಿ ತರಬೇತಿಗೆ ತಗಲುವುದಿಲ್ಲವೆಂದು ಸರಕಾರ ಈಗಲೇ ಘೋಷಿಸಲಿ. 2025ರ ಜೂನ್ ತಿಂಗಳಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕೆಲಸದ ಸ್ಥಳದ ಜೈವಿಕ ಅಪಾಯಗಳ ಕುರಿತು 192ನೆಯ ಒಡಂಬಡಿಕೆಯನ್ನು ಅಂಗೀಕರಿಸಿದೆ. ಈ ವಿಷಯದಲ್ಲಿ ಜಗತ್ತಿನ ಮೊದಲ ಒಡಂಬಡಿಕೆ ಅದು. ಜಗತ್ತು ಬರೆಯಲು ಕೂತಿರುವಾಗ ನಮ್ಮ ರಾಜ್ಯದ ಕಾರ್ಮಿಕ ಇಲಾಖೆಗೆ ಪೆನ್ನು ಸಿಗದೆಂದು ನಾವು ನಂಬುವುದಿಲ್ಲ.

ವಾಚಕರಲ್ಲಿ ನಮ್ಮದೊಂದು ಬಿನ್ನಹ. 2020ರ ಮೇ ತಿಂಗಳಿಂದ 2022ರ ಕೊನೆಯವರೆಗೆ ನೀವು ದುಡಿದ ಗಿರಣಿಯಲ್ಲಿ, ಭಟ್ಟಿಯಲ್ಲಿ, ಅಂಗಡಿಯಲ್ಲಿ ನಿಮಗೆ ಸೋಂಕಿನ ಬಗ್ಗೆ ಯಾರಾದರೂ ಕೂರಿಸಿ ಕಲಿಸಿದರೇ, ಎಷ್ಟು ನಿಮಿಷ ಕಲಿಸಿದರು, ಯಾವ ಭಾಷೆಯಲ್ಲಿ, ಆ ಹೊತ್ತಿನ ಕೂಲಿ ಸಿಕ್ಕಿತೇ, ಯಾವ ಹಾಳೆಗೆ ಸಹಿ ಹಾಕಿದಿರಿ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳುಹಿಸಿಕೊಡಿ. ಕಲಿಸಿದ ಮಾಲಿಕರಿದ್ದರೆ ಅದನ್ನೂ ಬರೆಯಿರಿ. ಹೆಸರು ಬೇಡ, ಇಲಾಖೆಯ ಹೆಸರು ಮತ್ತು ಪಾಳಿ ಸಾಕು. ಬರೆಯಲು ಬಾರದವರು ಭಾನುವಾರ ಬೆಳಿಗ್ಗೆ ಬಂದರೆ ಬರೆದುಕೊಳ್ಳಲು ಇಲ್ಲಿ ಜನ ಇರುತ್ತಾರೆ. ಕಾರ್ಡುಗಳೆಲ್ಲ ಕೂಡಿದ ಮೇಲೆ ಕಟ್ಟು ಕಟ್ಟಿ ಕಾರ್ಮಿಕ ಇಲಾಖೆಯ ಅಧಿಕಾರಿಗಳ ಮೇಜಿನ ಮೇಲೆ ಇರಿಸಿ, ರಶೀದಿ ಪಡೆದು ಬರುತ್ತೇವೆ.